ಅಕ್ಕನ ದೋಣಿಗೆ ಹಚ್ಚಿದ ಅಂಟು

ಸಿಲಿಕೋನ್ ಅಂಟನ್ನು ಒಮ್ಮೆ ಹಚ್ಚಿದ ಜಾಗದಲ್ಲಿ ಬೇರೆ ಯಾವ ಅಂಟೂ ನಿಲ್ಲುವುದಿಲ್ಲ. ಹೊಸದಾಗಿ ತಂದ ಸಿಲಿಕೋನ್ ಕೂಡ ನಿಲ್ಲುವುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು ಎಂದು ಬರೆದೆ, ಆಮೇಲೆ ಹೊಡೆದು ಹಾಕಿದೆ. ಗೊತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ಹುಮನಾಬಾದಿನ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುತ್ತೇನೆ. ಆದರೆ ದೋಣಿಯ ತಳಕ್ಕೆ ಯಾವ ಅಂಟು ಹಚ್ಚಬೇಕು ಎಂದು ಅಕ್ಕ ಕೇಳುವ ತನಕ ನಾನು ಅದನ್ನು ಯೋಚಿಸಿದವಳೇ ಅಲ್ಲ. ಆಮೇಲೆ ಕಲಿತದ್ದನ್ನು ಮೊದಲೇ ತಿಳಿದಿತ್ತು ಎಂದು ಹೇಳಿಕೊಳ್ಳುವುದು ನೆನಪಿನ ಚಟ. ಅದನ್ನು ನಂಬಲಾರದೆ ದಿನಚರಿ ಬರೆಯುತ್ತೇನೆ. ದಿನಚರಿಯನ್ನೂ ಪೂರ್ತಿ ನಂಬುವುದಿಲ್ಲ.

ದೋಣಿ ನಮ್ಮ ಭಾವನದು, ಅಕ್ಕನ ಗಂಡನದು. ಬಸವಕಲ್ಯಾಣ ತಾಲೂಕಿನ ಅವರ ಊರಿನ ಹಿಂದೆ ಒಂದು ಜಲಾಶಯವಿದೆ. ಅದರಲ್ಲಿ ಮೀನು ಹಿಡಿಯುವ ಹಕ್ಕು ಊರಿನ ಮೀನುಗಾರರ ಸಂಘದ್ದು, ಭಾವ ಅದರ ಸದಸ್ಯರಾಗಿದ್ದರು. ಅವರು ಸತ್ತದ್ದು ನೀರಿನಲ್ಲಲ್ಲ, ಕೇಳಿದವರೆಲ್ಲ ನೀರಿನಲ್ಲೇ ಅಂದುಕೊಳ್ಳುತ್ತಾರೆ. ರಾಜೇಶ್ವರದಲ್ಲಿ ಬಸ್ಸಿಗೆ ಕಾಯುತ್ತ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವರ ಫೈಬರ್ ದೋಣಿ ಮನೆಯ ಹಿತ್ತಲಲ್ಲಿ ಬೋರಲಾಗಿ ಬಿತ್ತು. ಮಳೆಗಾಲಗಳು ಬಂದು ಹೋದವು. ಅದರಡಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಅಕ್ಕನಿಗೆ ಬೇಕಾಗಿದ್ದು ಒಂದೇ. ಸಂಘದಲ್ಲಿ ಗಂಡನ ಜಾಗ, ತನ್ನ ಹೆಸರಿನಲ್ಲಿ. ಅವಳಿಗೆ ಹುಟ್ಟು ಹಾಕಲು ಬರುತ್ತದೆ, ಬಲೆ ಬಿಡಲು ಬರುತ್ತದೆ. ಎಷ್ಟೋ ವರ್ಷ ಭಾವನ ಜೊತೆ ದೋಣಿಯ ಹಿಂದಿನ ತುದಿಯಲ್ಲಿ ಕೂತು ಅರ್ಧ ಕೆಲಸ ಮಾಡಿದ್ದಾಳೆ. ಸಂಘದವರು ಇಲ್ಲ ಅನ್ನಲಿಲ್ಲ. ಸ್ವಂತ ದೋಣಿ ಇದ್ದವರಿಗೆ ಮಾತ್ರ ಜಾಗ ಅಂದರು. ಹೊಸ ಹಂಗಾಮಿನ ಮೊದಲು ದೋಣಿ ನೀರಿಗಿಳಿದು ಸೋರದೆ ನಿಂತರೆ ಹೆಸರು ಬರೆಯುತ್ತೇವೆ ಅಂದರು. ದೋಣಿ ಸೋರುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದರಿಂದ ಹಾಗೆ ಅನ್ನುವುದು ಅವರಿಗೆ ಸುಲಭವಾಗಿತ್ತು.

ಆ ದಿನಗಳಲ್ಲೇ ಒಂದು ಮಾತು ನಡೆಯಿತು. ಅಕ್ಕನ ಮೈದುನ, ಅಂದರೆ ಭಾವನ ತಮ್ಮ, ಅದೇ ಮನೆಯಲ್ಲಿರುತ್ತಾನೆ. ಅವನಿಗೂ ಸಂಘದ ಜಾಗದ ಮೇಲೆ ಕಣ್ಣಿತ್ತು, ಆದರೆ ದೋಣಿ ಇರಲಿಲ್ಲ. ನಾನು ಹೊಸ್ತಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಅಕ್ಕ ಒಳಗೆ ಒಲೆಯ ಮುಂದಿದ್ದಳು. ಅವನು ಹಿತ್ತಲ ಕಡೆ ಕೈ ಮಾಡಿ ನಕ್ಕ.

"ಆ ಒಡಕ ಡಬ್ಬಿ ನಿಮ್ಮಕ್ಕಗೇ ಇರ್ಲಿ, ಮೇಡಮ್ಮೋರ. ಕೋಳಿಗೂಡರ ಮಾಡ್ಕೋಲಿ."

ಇಷ್ಟೇ. ಅಥವಾ ಇಷ್ಟೇ ಎಂದು ನನ್ನ ನೆನಪು. ನಾನು ಒಳಗೆ ಹೋಗಿ ಅಕ್ಕನಿಗೆ ಹೇಳಿದೆ. "ಹಂಗಂದನಾ? ಛಲೋ ಆತು" ಎಂದು ಅವಳು ಕೈ ಒರೆಸಿಕೊಂಡಳು. ಮರುದಿನವೇ ದೋಣಿಯ ಅಡಿಯಿಂದ ಕೋಳಿಗಳನ್ನು ಓಡಿಸಿದಳು.

ಸೋರುವ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ತಳದ ಉದ್ದಕ್ಕೂ, ಕಲ್ಲಿಗೆ ತಾಗಿ ಫೈಬರ್ ಸವೆಯದಿರಲಿ ಎಂದು, ಒಂದು ಪಟ್ಟಿ ಕೂರಿಸಿರುತ್ತಾರೆ. ಅದನ್ನು ಹಿಡಿದ ಬೋಲ್ಟುಗಳು ತಳವನ್ನು ತೂತು ಮಾಡಿ ಒಳಗೆ ಬರುತ್ತವೆ. ನೀರು ಬರುತ್ತಿದ್ದುದು ಆ ತೂತುಗಳಿಂದ. ಭಾವ ಕೊನೆಯ ವರ್ಷ ಬಚ್ಚಲಮನೆಗೆ ಬಳಸುವ ಸಿಲಿಕೋನನ್ನು ಪಟ್ಟಿಯ ಅಂಚಿಗೆಲ್ಲ ಮೆತ್ತಿದ್ದರು. ಅದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬರುತ್ತಿತ್ತು. ಎದ್ದು ಬಂದ ಮೇಲೂ ಕಣ್ಣಿಗೆ ಕಾಣದ ಒಂದು ಜಿಡ್ಡನ್ನು ಬಿಟ್ಟು ಹೋಗುತ್ತಿತ್ತು. ತೊಂದರೆ ಇದ್ದದ್ದು ಆ ಜಿಡ್ಡಿನಲ್ಲಿ.

ಹುಮನಾಬಾದಿನ ಹಾರ್ಡ್‌ವೇರ್ ಅಂಗಡಿಯವನು ಮತ್ತೆ ಸಿಲಿಕೋನೇ ತೆಗೆದ. "ವಾಟರ್‌ಪ್ರೂಫ್ ಅದರಿ ಮೇಡಂ, ಟ್ಯೂಬ್ ಮ್ಯಾಲೆ ಬರದಾರ ನೋಡ್ರಿ." ಬರೆದಿತ್ತು, ನಿಜ. ಬಚ್ಚಲ ಗೋಡೆಗೆ ನೀರು ಸಿಡಿಯುವುದು ಬೇರೆ, ನೀರಿನೊಳಗೇ ಕೂತಿರುವುದು ಬೇರೆ ಎಂದರೆ ಅವನು ನನ್ನನ್ನು ಕನಿಕರದಿಂದ ನೋಡಿದ.

ಹೆದ್ದಾರಿಯ ಪಕ್ಕದಲ್ಲಿ ಲಾರಿಗಳಿಗೆ ಗಾಜು ಕೂರಿಸುವ ಗ್ಯಾರೇಜಿಗೆ ಹೋದೆ. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊತ್ತು ಮುಗಿಸಿದ ಲಾರಿಗಳು ಸಾಲಾಗಿ ನಿಂತಿದ್ದವು. ಮೇಸ್ತ್ರಿ ನನ್ನ ಮಾತು ಕೇಳಿ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ.

"ಬೋಟಾ? ಹುಮನಾಬಾದಕ್ಕ ಸಮುದ್ರ ಯಾವಾಗ ಬಂತ್ರಿ ಮೇಡಂ? ನಮಗ್ಯಾರೂ ಹೇಳೇ ಇಲ್ಲ."

ಲಾರಿಯ ಅಡಿಯಿಂದ ಇನ್ನೊಂದು ದನಿ ಬಂತು: "ಬರ್ಲಿ ಬಿಡು ಉಸ್ತಾದ್, ಲಾರಿ ತೊಳಿಯಾಕರ ನೀರ ಸಿಗ್ತಾವ."

ನಕ್ಕು ಮುಗಿದ ಮೇಲೆ ಮೇಸ್ತ್ರಿ ಗಾಜಿಗೆ ಹಚ್ಚುವ ಕಪ್ಪು ಅಂಟನ್ನು ತೋರಿಸಿದ. "ಇದು ಗಾಜ ಹಿಡಿತದ, ಮಳಿ ತಡಿತದ. ತಿಂಗಳಗಟ್ಟಲೆ ನೀರಾಗ ಕುಂತ್ರ ಹ್ಯಾಂಗಂತ ನನಗ ಗೊತ್ತಿಲ್ಲರಿ."

ಆ ಕಪ್ಪು ಅಂಟು ಪಾಲಿಯುರೆಥೇನ್. ಅದೇ ಜಾತಿಯದನ್ನು ದೋಣಿಗಳಿಗೆಂದೇ, ನೀರಿನ ಮಟ್ಟದ ಕೆಳಗೆ ಬಳಸಲೆಂದೇ ಮಾಡುತ್ತಾರೆ ಎಂದು ಮನೆಗೆ ಬಂದು ಓದಿ ತಿಳಿದೆ. ಪಾಲಿಸಲ್ಫೈಡ್ ಎಂಬ ಇನ್ನೊಂದಿದೆ. ಅದು ಸೋರುವುದನ್ನು ತಡೆಯುತ್ತದೆ, ಮುಂದೆ ಬಿಚ್ಚಬೇಕೆಂದರೆ ಬಿಟ್ಟುಕೊಡುತ್ತದೆ. ಪಾಲಿಯುರೆಥೇನ್ ಬಿಟ್ಟುಕೊಡುವುದಿಲ್ಲ, ಎಳೆದರೆ ಫೈಬರಿನ ಪದರವನ್ನೇ ಕಿತ್ತುಕೊಂಡು ಬರುತ್ತದೆ. ಇಂಥ ಜಾಗಕ್ಕೆ ಎರಡೂ ಆಗುತ್ತವೆ. ಅಕ್ಕನಿಗೆ ಫೋನಿನಲ್ಲಿ ಎರಡನ್ನೂ ವಿವರಿಸಿದೆ.

"ಬಿಚ್ಚಿ ನಾ ಏನ್ ಮಾಡ್ಲಿ?" ಅಂದಳು. "ಗಟ್ಟಿದೇ ತಗೊಂಡು ಬಾ."

ಅಂಗಡಿಯವನ ಮೂಲಕವೇ ಮುಂಬೈಯಿಂದ ತರಿಸಿದೆ. ಮೊದಲು ಬಂದ ಟ್ಯೂಬಿನ ಅವಧಿ ಮುಗಿದಿತ್ತು, ಅಂಟು ಹೊರಡಿಸುವ ಗನ್ನಿಗೆ ಹಾಕಿ ಒತ್ತಿದರೆ ಒಳಗೆ ಕಲ್ಲಾಗಿತ್ತು. ಜಗಳವಾಡಿ ಬದಲಿಸಿಕೊಂಡೆ.

ಅಂಟು ಹಚ್ಚುವುದು ಸಣ್ಣ ಕೆಲಸ, ಅದಕ್ಕೆ ಮುಂಚಿನದೇ ದೊಡ್ಡದು. ಪಟ್ಟಿಯನ್ನು ಬಿಚ್ಚಿದೆವು. ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ತಳವನ್ನು ಪಾಲೀಶ್ ಕಾಗದದಿಂದ ತಿಕ್ಕಿದಳು. ಫೈಬರಿನ ಪುಡಿ ತಾಗಿ ಅವಳ ಮೊಣಕೈವರೆಗೆ ತುರಿಕೆ ಎದ್ದಿತು. ಜಿಡ್ಡು ಹೋಯಿತೋ ಇಲ್ಲವೋ ನೋಡಲು ನೀರು ಚಿಮುಕಿಸುತ್ತಿದ್ದೆವು. ಸಿಲಿಕೋನ್ ಉಳಿದ ಕಡೆ ನೀರು ಹನಿಹನಿಯಾಗಿ ಎದ್ದು ನಿಲ್ಲುತ್ತದೆ, ಹೋದ ಕಡೆ ತೆಳ್ಳಗೆ ಹರಡುತ್ತದೆ. ಹನಿ ನಿಂತಲ್ಲೆಲ್ಲ ಮತ್ತೆ ತಿಕ್ಕು. ಕೊನೆಗೆ ಥಿನ್ನರ್ ಹಾಕಿ, ಹೊಸ ಬಟ್ಟೆಯಿಂದ, ಒಂದೇ ದಿಕ್ಕಿಗೆ ಒರೆಸು. ಹಳೆಯ ಬಟ್ಟೆಯಲ್ಲಿ ಒರೆಸಿದರೆ ಎಣ್ಣೆಯನ್ನು ನಾವೇ ಹಚ್ಚಿದಂತೆ.

ಬೋಲ್ಟುಗಳನ್ನು ಒಂದೇ ಸಲ ಪೂರ್ತಿ ಬಿಗಿಯಬಾರದು. ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗಿ ಪಟ್ಟಿಯ ಅಡಿಯಲ್ಲಿ ಏನೂ ಉಳಿಯುವುದಿಲ್ಲ. ಅಂಚಿನಲ್ಲಿ ಅಂಟು ಸ್ವಲ್ಪ ಇಣುಕುವಷ್ಟು ಬಿಗಿದು, ಅದು ಗಟ್ಟಿಯಾದ ಮೇಲೆ ಉಳಿದದ್ದನ್ನು ಬಿಗಿಯಬೇಕು. ಅಕ್ಕನ ಕೈಗೆ ಇದು ಬೇಗ ಹತ್ತಿತು. ನಾನು ಪುಸ್ತಕದ ಮಾತು ಹೇಳುತ್ತಿದ್ದೆ, ಅವಳು ನಟ್ಟು ಹಿಡಿದ ಬೆರಳಿನಿಂದಲೇ "ಸಾಕು" ಅನ್ನುತ್ತಿದ್ದಳು. ಆ ಮಧ್ಯಾಹ್ನ ಇಬ್ಬರೂ ಸಂತೋಷವಾಗಿದ್ದೆವು. ಸಂತೋಷ ಎಂಬ ಪದವನ್ನು ಈಗ ನಾನು ಸೇರಿಸುತ್ತಿದ್ದೇನೆಯೇ? ಇರಬಹುದು. ಆ ದಿನ ಬರೆದದ್ದು ತುರಿಕೆಯ ಬಗ್ಗೆ ಮಾತ್ರ.

ನಾನು ಹುಮನಾಬಾದಿಗೆ ಮರಳಿದೆ. ಮುಂದಿನ ಭಾನುವಾರ ಬಂದು ನೋಡಿದರೆ ಬೇವಿನ ನೆರಳಲ್ಲಿದ್ದ ದೋಣಿ ನಡು ಅಂಗಳದ ಬಿಸಿಲಿನಲ್ಲಿತ್ತು. ಅಕ್ಕನ ಅತ್ತೆ ಹೇಳಿದ್ದರಂತೆ, ಮೈದುನ ಎಳೆದಿದ್ದನಂತೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಈ ಕಡೆ ಮೆಣಸಿನಕಾಯಿ, ಹಪ್ಪಳ, ತೊಗರಿ ಎಲ್ಲವೂ ಬಿಸಿಲಿಗೇ ಒಣಗುವುದು, ಅಂಟೂ ಹಾಗೇ ಎಂದುಕೊಂಡರು. ಆದರೆ ಈ ಅಂಟು ಒಣಗುವುದಿಲ್ಲ. ಗಾಳಿಯಲ್ಲಿನ ತೇವವನ್ನು ಕುಡಿದು ಗಟ್ಟಿಯಾಗುತ್ತದೆ. ಟ್ಯೂಬಿನ ಮೇಲೆ ಬರೆದ, ಗಟ್ಟಿಯಾಗುವ ಅವಧಿ ತೇವ ಇರುವ ಗಾಳಿಯ ಲೆಕ್ಕದ್ದು. ಇಲ್ಲಿಯ ಬೇಸಿಗೆ ಗಾಳಿಗೆ ತುಟಿ ಒಡೆಯುತ್ತದೆ, ಅಂಟು ಎಲ್ಲಿಂದ ಕುಡಿಯಬೇಕು? ಅಂಚಿಗೆ ಇಣುಕಿದ್ದನ್ನು ಬ್ಲೇಡಿನಿಂದ ಕೊಯ್ದೆ. ಮೇಲೆ ಚರ್ಮ ಕಟ್ಟಿತ್ತು, ಒಳಗೆ ಹಸಿ.

ಮತ್ತೆ ನೆರಳಿಗೆ ಎಳೆದು, ಗೋಣಿಚೀಲಗಳನ್ನು ನೆನೆಸಿ ಪಟ್ಟಿಯ ಮೇಲೆ ಹೊದಿಸಿದೆವು. ಬಿಸಿಲು ಏರಿದಂತೆ ಅಕ್ಕ ಕೊಡದಿಂದ ನೀರು ಹನಿಸುತ್ತಿದ್ದಳು. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ನೋಡಿದರು.

"ಏನವ್ವಾ, ದೋಣಿಗಿ ಜ್ವರ ಬಂದಾವೇನು? ಒದ್ದಿ ಬಟ್ಟಿ ಹಾಕೀಯಲ್ಲ?"

"ಹೌದಬೇ," ಅಕ್ಕ ಅಂದಳು, "ಇಳಿಯಾಕತ್ತಾವ. ನಾಕ ದಿನ ಬಿಟ್ಟ ಗಂಜಿ ಕುಡಸ್ತೀನಿ."

ಅಂಟು ಹಿಡಿಯಿತು. ಉಳಿದಷ್ಟು ಬಿಗಿದೆವು. ಸಂಘದವರ ಎದುರು ದೋಣಿ ನೀರಿಗಿಳಿಯಿತು. ಅಕ್ಕ ಅದರಲ್ಲಿ ಬರಿಗಾಲಲ್ಲಿ ನಿಂತು ನಡುನೀರಿಗೆ ಹೋಗಿ ಬಂದಳು, ಬಗ್ಗಿ ಸೆರಗಿನಿಂದ ತಳ ಒರೆಸಿ ಸೆರಗನ್ನು ಎತ್ತಿ ತೋರಿಸಿದಳು. ಒಣಗಿಯೇ ಇತ್ತು. ಸಂಘದ ಅಧ್ಯಕ್ಷರು "ಭಾರೀ ಆತು" ಅಂದರು. ಮೈದುನ ನೀರಿಗಿಳಿದು ಪಟ್ಟಿಯ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ಒತ್ತಿ ನೋಡಿದ. ಅದನ್ನು ನಾನು ಆ ಹೊತ್ತಿಗೇ ಗಮನಿಸಿದೆನೋ, ಮುಂದೆ ನಡೆದದ್ದರಿಂದ ಈಗ ಗಮನಕ್ಕೆ ಬರುತ್ತಿದೆಯೋ, ಹೇಳಲಾರೆ.

ಹೆಸರು ಬರೆಯುವ ಮುನ್ನ ಅವನು ಸಂಘದಲ್ಲಿ ತಕರಾರು ಎತ್ತಿದ: ದೋಣಿ ಮನೆತನದ್ದು, ವೈನಿಯದಲ್ಲ, ಅಂದರೆ ಅತ್ತಿಗೆಯದಲ್ಲ. ಮನೆಯ ಗಂಡಸು ತಾನಿರುವಾಗ ಜಾಗ ತನಗೆ. ಅಕ್ಕ ನನಗೆ ಫೋನು ಮಾಡಿದಳು. ನಾನು ರಜೆ ಹಾಕಿ ಹೋದೆ.

ಅಕ್ಕ ಮೊದಲೇ ಹೇಳಿದ್ದನ್ನು ಹಿಡಿದು ಸಂಘದ ಕೋಣೆಯಲ್ಲಿ ಅಧ್ಯಕ್ಷರು ಅವನನ್ನು ಕೇಳಿದರು. "ದೋಣಿ ವೈನಿಗೇ ಇರ್ಲಿ ಅಂತ ನೀ ಅಂದಿದ್ದಿಯಂತಲ್ಲೋ?"

"ಇಲ್ಲರಿ. ಅಣ್ಣನ ದೋಣಿ ಅಂದ್ರ ಮನೀ ದೋಣಿ. ಕೊಡಾಕ ನಾ ಯಾರ್ರಿ?" ಎಷ್ಟು ನೇರವಾಗಿ ಹೇಳಿದನೆಂದರೆ, ಒಂದು ಕ್ಷಣ ನನಗೂ ನಂಬಿಕೆ ಬಂತು.

"ವೈನಿ, ನೀನ ಕೇಳೀ?" ಅಧ್ಯಕ್ಷರು ಅಕ್ಕನನ್ನು ಕೇಳಿದರು.

ಅಕ್ಕ ಅಂದಳು, "ನಾ ಒಳಗಿದ್ನಿರಿ. ನಮ್ಮ ತಂಗಿ ಕೇಳ್ಯಾಳ."

ಎಲ್ಲರೂ ನನ್ನ ಕಡೆ ತಿರುಗಿದರು. "ಹೇಳ್ರಿ ಮೇಡಂ. ಅಂದಿದ್ದನೋ ಇಲ್ಲೋ?"

ನಾನು ಹೇಳಿದೆ: "ನನಗ ನೆನಪಿದ್ದಂಗ, ಅಂದಿದ್ರು. ನಕ್ಕೋಂತ ಅಂದಿದ್ರು. ಇದೇ ಮಾತು ಅಂತ ಖಾತ್ರಿ ಹೇಳಾಕ ಬರಂಗಿಲ್ಲ, ಆದ್ರ ಅರ್ಥ ಅದೇ ಇತ್ತು."

"ನೆನಪಿದ್ದಂಗ ಅಂದ್ರೇನ್ರಿ? ಖರೇ ಹೇಳ್ರಿ."

"ಖರೇನೇ ಹೇಳಾಕತ್ತೇನಿ."

ಮೈದುನ ಮೆಲ್ಲಗೆ, ನನ್ನ ಪರವಾಗಿ ಮಾತಾಡುವವನ ಹಾಗೆ ಅಂದ: "ಬಿಡ್ರಿ, ಪಾಪ. ಕಲ್ತ ಮಂದಿ, ಸುಳ್ಳ ಹೇಳಂಗಿಲ್ಲ. ಅವ್ರಿಗೇ ಖಾತ್ರಿ ಇಲ್ಲ."

ಅಲ್ಲಿಗೆ ಮುಗಿಯಿತು. ಜಾಗ ಮೈದುನನಿಗೆ, ವೈನಿಗೆ ಹಿಡಿದ ಮೀನಿನಲ್ಲಿ ಪಾಲು ಎಂದು ತೀರ್ಮಾನ. ಎಷ್ಟು ಪಾಲು ಎಂದು ಯಾರೂ ಕೇಳಲಿಲ್ಲ. ಒಡೆದು ಬಿದ್ದಿದ್ದಾಗ ಆ ದೋಣಿಗೆ ಮನೆತನವಿರಲಿಲ್ಲ. ನಾವು ಸೋರುವುದನ್ನು ನಿಲ್ಲಿಸಿದ ಮೇಲೆ ಅದಕ್ಕೆ ಮನೆತನ ಬಂತು, ಗಂಡಸು ಬಂದ, ಅಣ್ಣನ ನೆನಪೂ ಬಂತು. ಸೋರುತ್ತಲೇ ಇದ್ದಿದ್ದರೆ ಅದು ಅಕ್ಕನದಾಗಿಯೇ ಇರುತ್ತಿತ್ತು, ಅಂಥ ದೋಣಿಯಿಂದ ಅವಳಿಗೆ ಜಾಗವೂ ಸಿಗುತ್ತಿರಲಿಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಉತ್ತರ ಒಂದೇ. ಆ ಲೆಕ್ಕವನ್ನು ಬಹಳ ಸಲ ಹಾಕಿದ್ದೇನೆ.

ಹೊರಗೆ ಬಂದು ಅಕ್ಕ ಜಗಳವಾಡಲಿಲ್ಲ. ಬಸ್ಸಿನ ತನಕ ನನ್ನ ಜೊತೆ ನಡೆದಳು.

"ಹೌದು ಅಂದಿದ್ದರ ಆಗ್ತಿತ್ತಲ್ಲ," ಅಂದಳು. "ಒಂದ ಮಾತು."

"ಅಂದೆನಲ್ಲ ಅಕ್ಕಾ."

"ಎಲ್ಲಿ ಅಂದಿ? ನೆನಪು, ಖಾತ್ರಿ, ಅರ್ಥ ಅಂತ ಏನೇನೋ ಅಂದಿ."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೇನೋ. ಅವನು ಹೇಳಿದ್ದರಲ್ಲಿ ಅನುಮಾನವೇ ಇರಲಿಲ್ಲ. ಆ ಕೋಣೆಯಲ್ಲಿ ಬೇಕಾಗಿದ್ದದ್ದು ಅನುಮಾನವಿಲ್ಲದ ಮಾತು. ಅದನ್ನು ಆಡುವುದು ನನಗೆ ಯಾವ ತರಗತಿಯಲ್ಲೂ ಕಲಿಸಲಿಲ್ಲ, ನಾನೂ ನನ್ನ ವಿದ್ಯಾರ್ಥಿಗಳಿಗೆ ಕಲಿಸುತ್ತಿಲ್ಲ.

ಹಂಗಾಮು ಶುರುವಾಯಿತು. ಮೈದುನ ನೀರಿಗೆ ಹೋಗುತ್ತಾನೆ. ಅಕ್ಕ ದಂಡೆಯಲ್ಲಿ ಕೂತು ಬಲೆ ಬಿಡಿಸುತ್ತಾಳೆ, ಮೀನು ಬೇರೆ ಮಾಡುತ್ತಾಳೆ, ದೋಣಿ ತೊಳೆಯುತ್ತಾಳೆ. ಸಂಘದ ಇನ್ನೊಬ್ಬರ ದೋಣಿ ಸೋರುತ್ತಿದೆಯಂತೆ. "ನಮ್ಮ ವೈನಿ ಮಾಡ್ತಾಳ" ಎಂದು ಮೈದುನ ಅವಳನ್ನು ಕೇಳದೆಯೇ ಒಪ್ಪಿಕೊಂಡಿದ್ದಾನೆ. ಅವಳು ಮಾಡಿದಳು. ಚೆನ್ನಾಗಿ ಮಾಡಿದಳಂತೆ.

ಹೋದ ವಾರ ಅವನು ಸಂತೆಗೆ ಬಂದವನು ಹುಮನಾಬಾದಿನ ನನ್ನ ಕೋಣೆಯ ಬಾಗಿಲಿಗೂ ಬಂದ. ಕೈಯಲ್ಲಿ ಚೀಲವಿತ್ತು, ಒಳಗೆ ಒಂದು ದೊಡ್ಡ ಮೀನು.

"ನಿಮಗಂತ ತೆಗದಿಟ್ಟಿದ್ದೆ, ಮೇಡಮ್ಮೋರ. ಬೋಟ ಇನ್ನೂ ಒಂದ ಹನಿ ಸೋರಿಲ್ಲ. ಮಸ್ತ್ ಮಾಡೀರಿ."

ಮುಖದ ಮೇಲೆ ಬಾಗಿಲು ಹಾಕಬಹುದಿತ್ತು. ಹಾಕಿದ್ದರೆ ಅದರ ಸಿಟ್ಟನ್ನು ಅವನು ಮನೆಗೆ ಹೊತ್ತುಕೊಂಡು ಹೋಗುತ್ತಿದ್ದ, ಆ ಮನೆಯಲ್ಲಿ ಇರುವವಳು ಅಕ್ಕ. "ಚಹಾ ಕುಡೀರಿ" ಅಂದೆ. ಕುಡಿದು ಹೋದ.

ಮೀನು ತಾಜಾ ಇತ್ತು. ಹುಣಸೆಹುಳಿ ಹಾಕಿ ಸಾರು ಮಾಡಿ ಉಂಡೆ.