ಬದುವಿನ ಮೇಲಿನ ಕೊಂಪಿ

ಆಗ ನಮ್ಮ ಮೋರಖಂಡಿಗೆ ‘ಸೆಂಟರ್’ ಎಂಬ ಮಾತು ಇನ್ನೂ ಬಂದಿರಲಿಲ್ಲ. ಮನೆಗೆ ನಡುಮನೆ ಇತ್ತು, ಹೊಲಕ್ಕೆ ನಡುಹೊಲ ಇತ್ತು, ಜಗಳಕ್ಕೆ ನಡುವೆ ಬೀಳಲು ಆಯಿ ಇದ್ದಳು. ಆಯಿ ಎಂದರೆ ನಮ್ಮಪ್ಪನ ತಾಯಿ. ಈಗ ಹುಮನಾಬಾದಿನ ಬಜಾರದಲ್ಲಿ ನಿಂತು ನೋಡಿದರೆ ಚಿಕನ್ ಸೆಂಟರ್, ಝೆರಾಕ್ಸ್ ಸೆಂಟರ್, ಟಾಯರ್ ಸೆಂಟರ್. ಮಕ್ಕಳ ಪರೀಕ್ಷೆಗೂ ಸೆಂಟರ್ ಬೀಳುತ್ತದೆ. ನನ್ನದೇ ಪಾತ್ರೆ ಅಂಗಡಿಯ ಬೋರ್ಡಿನ ಮೇಲೂ ‘ಭಾಂಡೆ ಸೆಂಟರ್’ ಎಂದಿದೆ, ಅಂಗಡಿ ಇರುವುದು ಮಾತ್ರ ಓಣಿಯ ತುದಿಯಲ್ಲಿ. ಈ ಮಾತನ್ನು ನಾನು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ನಮ್ಮ ಹೊಲದಲ್ಲಿ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಹೊಲ ಹಂಚಿಕೊಂಡರು. ಬಾವಿ ನಮಗೆ ಬಂತು, ಬೇವಿನ ಗಿಡ ಕಾಕಾನಿಗೆ ಹೋಯಿತು, ಇಬ್ಬರಿಗೂ ತಮಗೆ ಮೋಸವಾಯಿತೆಂದೇ ಅನಿಸಿತು. ಅಳೆಯಲು ಬಂದವನು ಸರಪಳಿ ಎಳೆದು, ಹೊಲದ ನಟ್ಟನಡುವೆ ಒಂದು ಕಲ್ಲು ನೆಟ್ಟು, “ಸೆಂಟರ್ ಇಲ್ಲೇ ಅದ ನೋಡ್ರಿ. ಈ ಕಡಿ ನಿಮ್ಮದು, ಆ ಕಡಿ ಅವರದು” ಎಂದ.

“ಸೆಂಟರ್ ಅಂದ್ರ ಏನಪಾ?” ಎಂದಳು ಆಯಿ.

“ನಡು, ಆಯಿ.”

“ನಡು ಅನ್ನಾಕ ಏನ್ ಧಾಡಿ ನಿನಗ?”

“ನಡು ಅಂದ್ರ ಜಗಳ ಆಗ್ತಾವ. ಸೆಂಟರ್ ಅಂದ್ರ ಯಾರೂ ಮಾತಾಡಂಗಿಲ್ಲ” ಎಂದು ಅವನು ನಕ್ಕ. ನಿಜಕ್ಕೂ ಯಾರೂ ಮಾತಾಡಲಿಲ್ಲ. ಅಣ್ಣ ತಮ್ಮಂದಿರು ಒಬ್ಬರಿಗೊಬ್ಬರು ಮಾತಾಡುವುದನ್ನೇ ಬಿಟ್ಟರು. ಕಲ್ಲಿನ ಸಾಲಿಗೆ ಹೊಲದುದ್ದಕ್ಕೂ ಬದು ಎದ್ದಿತು.

ಎಳ್ಳಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಅಂದು ನಡುಹೊಲದಲ್ಲಿ ಜೋಳದ ದಂಟಿನ ಪುಟ್ಟ ಗುಡಿಸಲು, ಅಂದರೆ ಕೊಂಪಿ, ಹಾಕಬೇಕು, ಅದರೊಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜಿಸಬೇಕು, ಮನೆಯ ಹಿರಿಯರು ಎಡೆಯ ಅಡುಗೆಯನ್ನು ಹೊಲಕ್ಕೆಲ್ಲ ಚರಗವಾಗಿ ಚೆಲ್ಲಬೇಕು. ಭೂಮಿತಾಯಿ ಉಂಡ ಮೇಲೆಯೇ ನಮ್ಮ ಊಟ. ಆದರೆ ಆ ಸಲ ನಡುಹೊಲವೇ ಬದುವಾಗಿತ್ತು. ಅಪ್ಪ ತನ್ನ ಪಾಲಿನ ನಡುವೆ ಒಂದು ಕೊಂಪಿ ಹಾಕಿದ. ಕಾಕಾ ತನ್ನ ಪಾಲಿನ ನಡುವೆ ಇನ್ನೊಂದು ಹಾಕಿದ. ಆಯಿ ಯಾವುದರಲ್ಲಿ ಕೂರುತ್ತಾಳೆ ಎಂದು ಊರೇ ಕಾಯುತ್ತಿತ್ತು.

ನನ್ನ ಚಿಂತೆ ಭಜ್ಜಿಯದು. ನಮ್ಮ ಎಳ್ಳಮಾವಾಸ್ಯೆಯ ಭಜ್ಜಿ ಎಣ್ಣೆಯಲ್ಲಿ ಕರಿಯುವುದಲ್ಲ. ಹಸಿ ತೊಗರಿ, ಅವರೆ, ಕಡಲೆಯ ಕುಡಿ, ಶೇಂಗಾ, ಹುಣಸೆಹುಳಿ, ಕಡಲೆಹಿಟ್ಟು ಕೂಡಿ ದೊಡ್ಡ ಗಡಿಗೆಯಲ್ಲಿ ಕೊತಕೊತ ಕುದಿಯಬೇಕು. ಆ ವಾಸನೆಗೆ ಓಣಿಯ ನಾಯಿಯೂ ಬಂದು ಹೊಸ್ತಿಲಲ್ಲಿ ಕೂರುತ್ತಿತ್ತು. ಪಾಲಾದಾಗ ಕಡಲೆ ಇದ್ದ ಹೊಲ ನಮಗೆ ಬಂದಿತ್ತು, ತೊಗರಿ ಕಾಕಾನ ಕಡೆ ಹೋಗಿತ್ತು. ಅರ್ಧ ಹೊಲದಲ್ಲಿ ಭಜ್ಜಿ ಆಗುವುದಿಲ್ಲ.

ಹಬ್ಬದ ಹಿಂದಿನ ದಿನ ನಾನು ಕಡಲೆಯ ಕುಡಿ ಚಿವುಟಿ, ಲಂಗದ ಉಡಿ ತುಂಬಿಕೊಂಡು ಕಾಕಾನ ಹೆಂಡತಿ ಕಾಕುವಿನ ಅಂಗಳಕ್ಕೆ ಹೋದೆ.

“ಯಾಕವ್ವ, ನಿಮ್ಮಪ್ಪ ಕಳಿಸ್ಯಾನೇನು?”

“ಇಲ್ಲ ಕಾಕು, ನಾನೇ ಬಂದೀನಿ. ಕಡಲಿ ಕುಡಿ ಇಲ್ಲದ ನೀ ಭಜ್ಜಿ ಹ್ಯಾಂಗ ಮಾಡ್ತಿ?”

ಕಾಕು ತುಟಿ ಕಚ್ಚಿ ಬಾಗಿಲ ಕಡೆ ನೋಡಿದಳು. ಕಾಕಾ ಇರಲಿಲ್ಲ. “ಕೊಡು ಮತ್ತ. ಒಂದು ಉಡಿಗೆ ಒಂದು ಉಡಿ ತೊಗರಿಕಾಯಿ.”

“ಆಗಂಗಿಲ್ಲ. ತೊಗರಿ ಹಿರಿದ್ರ ಕೈತುಂಬ ಬರ್ತದ. ಕಡಲಿ ಒಂದೊಂದೇ ಕುಡಿ ಚಿವುಟಬೇಕು. ನನ್ನ ಕೈ ನೋಡು, ಕುಡಿಯ ಹುಳಿ ಹತ್ತಿ ಉರಿಯಾಕತ್ತದ. ಎರಡು ಉಡಿ ಕೊಡು.”

“ಅಯ್ಯ ನಿನ್ನ! ಬಸವಕಲ್ಯಾಣದ ಸಾವಕಾರ್ರು ನಿನ್ನ ಮುಂದ ಏನೂ ಅಲ್ಲ ಬಿಡು!” ಎಂದು ಕಾಕು ನಗುತ್ತಲೇ ಎರಡು ಉಡಿ ಸುರಿದಳು. ಅದೇ ನನ್ನ ಮೊದಲ ವ್ಯಾಪಾರ. ಅಂಗಡಿಯ ಹುಡುಗ ಹುಡುಗಿಯರಿಗೆ ನಾನು ಈಗಲೂ ಹೇಳುವುದು ಇದನ್ನೇ: ಮಾಲು ತೋರಿಸುವ ಮೊದಲು ಅದರ ಹಿಂದಿನ ದುಡಿಮೆ ತೋರಿಸಿ.

ಮರುದಿನ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಆಯಿ ಎಲ್ಲರಿಗಿಂತ ಮುಂದೆ ನಡೆದಳು. ಎರಡು ಕೊಂಪಿಗಳ ಕಡೆ ತಿರುಗಿಯೂ ನೋಡದೆ ಬದು ಹತ್ತಿ, ಆ ಕಲ್ಲಿನ ಪಕ್ಕ ಬಿಸಿಲಲ್ಲಿ ಕುಳಿತುಬಿಟ್ಟಳು. ಸೆರಗಿನಿಂದ ಪಾಂಡವರನ್ನು ತೆಗೆದು ಸಾಲಾಗಿ ಇಟ್ಟಳು.

ಅಪ್ಪ ಓಡಿ ಬಂದ. “ಅವ್ವಾ, ಬಿಸಲಾಗ ಯಾಕ ಕುಂತಿ? ಕೊಂಪಿ ಹಾಕೀನಲ್ಲ, ಬಾ.”

ಆ ಕಡೆಯಿಂದ ಕಾಕಾ ಬಂದ. “ನನ್ನ ಕೊಂಪ್ಯಾಗ ನೆಳ್ಳ ಚಲೋ ಅದ ಅವ್ವಾ.”

“ಸೆಂಟರ್ ಇಲ್ಲೇ ಅದ ಅಂತ ಅಂವ ಹೇಳಿ ಹೋಗ್ಯಾನ” ಎಂದಳು ಆಯಿ. “ಪಾಂಡವರು ಸೆಂಟರ್‌ನ್ಯಾಗೇ ಕೂಡೋರು.”

“ಬದುವಿನ ಮ್ಯಾಲ ಯಾರರ ಪೂಜಿ ಮಾಡ್ತಾರೇನು?” ಎಂದ ಅಪ್ಪ.

“ನಾ ಮಾಡ್ತೀನಿ. ನೆಳ್ಳ ಇಲ್ಲದ ಮಾಡಂಗಿಲ್ಲ. ನನಗೇನೂ ಹಸಿವಿಲ್ಲ, ಕೂಡ್ತೀನಿ.”

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಚೌಕಾಸಿಯಲ್ಲಿ ಮೊದಲು ಮಾತಾಡಿದವನು ಸೋಲುತ್ತಾನೆ. ಅದನ್ನು ನಾನು ಕಲಿತದ್ದು ಅವಳ ಆ ಮೌನದಿಂದ. ಗಡಿಗೆಗಳ ಬಾಯಿಗೆ ಕಟ್ಟಿದ ಬಟ್ಟೆ ಯಾರೂ ಬಿಚ್ಚುವಂತಿರಲಿಲ್ಲ. ಸಜ್ಜೆಯ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ, ಎಲ್ಲ ಬುಟ್ಟಿಯಲ್ಲೇ. ಬಿಸಿಲು ಏರಿತು. ಆಯಿಯ ಹಣೆಯಿಂದ ಬೆವರು ಇಳಿಯಿತು. ಕಾಕಾನ ಸಣ್ಣ ಮಗ “ಭಜ್ಜೀ...” ಎಂದು ರಾಗ ಎಳೆದು ಅಳತೊಡಗಿದ.

ಕಾಕಾ ಮೊದಲು ಎದ್ದ. ತನ್ನ ಕೊಂಪಿ ಕಿತ್ತು, ದಂಟಿನ ಸೂಡು ಹೊತ್ತು ತಂದು ಆಯಿಯ ಒಂದು ಮಗ್ಗುಲಿಗೆ ನಿಲ್ಲಿಸಿದ. ಅದು ವಾಲಿ ವಾಲಿ ಬೀಳುತ್ತಿತ್ತು. ಅಪ್ಪ ಎದ್ದು ಬಂದ.

“ಒಂದೇ ಕಡಿ ಹಾಕಿದ್ರ ನಿಲ್ತದೇನಲೇ? ತಡಿ” ಎಂದ.

ಎಷ್ಟೋ ದಿನಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು. ತನ್ನ ಕೊಂಪಿಯನ್ನೂ ಕಿತ್ತು ತಂದ. ಎರಡೂ ಕಡೆಯ ದಂಟು ಮೇಲೆ ಕೂಡಿಸಿ, ಒಬ್ಬ ಹಿಡಿದ, ಒಬ್ಬ ಕಟ್ಟಿದ. ಬದುವಿನ ಮೇಲೆ ಕಾಲು ಚಾಚಿ ಕುಳಿತಂಥ ಆ ಕೊಂಪಿಯೊಳಗೆ ಆಯಿ ಪೂಜೆ ಮಾಡಿ, ಎರಡೂ ಕಡೆ ಚರಗ ಚೆಲ್ಲಿದಳು.

ಊಟಕ್ಕೆ ಕೂತಾಗ ಅಪ್ಪ ಭಜ್ಜಿ ಉಂಡು, “ಇದರಾಗ ತೊಗರಿ ಎಲ್ಲಿಂದ ಬಂತು?” ಎಂದ. ಕಾಕು ನನ್ನನ್ನು ನೋಡಿ ರೊಟ್ಟಿ ಮುರಿದಳು.

ಅಂಗಡಿ ಹಾಕುವಾಗ ಎಲ್ಲರೂ ನನಗೆ, “ಸೆಂಟರ್ ಜಾಗ ಹಿಡಿ” ಎಂದಿದ್ದರು. ನಾನು ತುದಿಯ ಜಾಗ ಹಿಡಿದು, ಮುಂದೆ ತಗಡಿನ ನೆರಳು ಹಾಕಿಸಿ, ನೀರಿನ ಕೊಡ ಇಟ್ಟೆ. ಮಾಣಿಕನಗರದ ಯಾತ್ರೆಗೆ ಹೋಗುವವರು ಅಲ್ಲೇ ನಿಂತರು. ಈ ಬುದ್ಧಿಗೆ ನಾನು ಋಣಿಯಾಗಿರುವುದು ಬದುವಿನ ಮೇಲೆ ಬಿಸಿಲಲ್ಲಿ ಕುಳಿತವಳಿಗೆ.

ಈಗ ಆಯಿ ಇಲ್ಲ, ಅಪ್ಪನೂ ಇಲ್ಲ. ನಮ್ಮ ಪಾಲಿನಲ್ಲಿ ಕಬ್ಬು ನಿಂತಿದೆ; ಕಡಲೆ ಬಿತ್ತುವವರಿಲ್ಲ. ಎಳ್ಳಮಾವಾಸ್ಯೆಗೆ ಎರಡೂ ಮನೆಯ ಮಕ್ಕಳು ಸ್ಟೀಲ್ ಡಬ್ಬಿಗಳಲ್ಲಿ ತಮ್ಮ ತಮ್ಮ ಭಜ್ಜಿ ತರುತ್ತಾರೆ. ಎಲ್ಲ ಸಾಮಾನೂ ಬಜಾರದಲ್ಲೇ ಸಿಗುವುದರಿಂದ ಯಾರೂ ಯಾರ ಅಂಗಳಕ್ಕೂ ಉಡಿ ಒಡ್ಡಿ ಹೋಗಬೇಕಿಲ್ಲ. ನಾನು ಮಾತ್ರ ಹಬ್ಬದ ಹಿಂದಿನ ದಿನ ಹುಮನಾಬಾದಿನಿಂದ ಕಡಲೆಯ ಕುಡಿ ಕಟ್ಟಿಕೊಂಡು ಕಾಕುವಿನ ಮನೆಗೆ ಹೋಗುತ್ತೇನೆ. ಅವಳಿಗೆ ಈಗ ಕಣ್ಣು ಮಂಜು. ಕುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ನಮ್ಮ ಹೊಲದ್ದಲ್ಲ ಬಿಡವ್ವ. ಕೈಗೆ ಹುಳಿನೇ ಹತ್ತವಲ್ದು” ಎನ್ನುತ್ತಾಳೆ.

ಆಮೇಲೆ ಗೋಡೆ ಹಿಡಿದು ಒಳಗೆ ಹೋಗಿ, ತೊಗರಿಕಾಯಿ ತಂದು ನನ್ನ ಸೆರಗಿಗೆ ಸುರಿಯುತ್ತಾಳೆ. ಒಂದು ಉಡಿ. ಮತ್ತೆ ಗೋಡೆ ಹಿಡಿದು ಹೋಗಿ, ಇನ್ನೊಂದು.