ನೀಲವ್ವ ಮನೆ ಬಿಡಲಿಲ್ಲ

"ದೌರ್ಜನ್ಯ ಅಂದ್ರ ಏನ್ರಿ ಅಕ್ಕಾರ?"

ಇಳಕಲ್ಲಿಗೆ ಬಂದ ಮೊದಲ ವಾರ ನೇಕಾರ ಹೆಂಗಸೊಬ್ಬಳು ಹೀಗೆ ಕೇಳಿದಾಗ ನಾನು ಬೆಪ್ಪಾದೆ. ಮಹಿಳೆಯರ ನೆರವಿನ ಕೇಂದ್ರವೊಂದರಲ್ಲಿ ಆಪ್ತಸಲಹೆಗಾರ್ತಿಯಾಗಿ ಮೈಸೂರಿನಿಂದ ಬಂದಿದ್ದೆ. ನನ್ನ ಕನ್ನಡ ಇಲ್ಲಿ ಕಚೇರಿಯ ನೋಟಿಸಿನಂತೆ ಕೇಳಿಸುತ್ತದೆಂದು ಗೊತ್ತಿರಲಿಲ್ಲ. 'ಮನೆಯಲ್ಲಿ ಹಿಂಸೆ ಇದೆಯೇ' ಎಂದರೆ ಎಲ್ಲರೂ 'ಇಲ್ರಿ' ಎನ್ನುತ್ತಿದ್ದರು. 'ತ್ರಾಸ ಐತೇನ್ರಿ' ಎಂದು ಕೇಳಲು ಕಲಿತ ಮೇಲೆ ಮಾತು ನಿಲ್ಲುತ್ತಲೇ ಇರಲಿಲ್ಲ. ತಲೆನೋವೂ ತ್ರಾಸ, ಗಂಡನ ಏಟೂ ತ್ರಾಸ. ಯಾವುದೆಂದು ಧ್ವನಿಯಲ್ಲೇ ತಿಳಿಯಬೇಕಿತ್ತು.

ಒಂಟಿ ಹೆಂಗಸಿಗೆ ಮನೆ ಸಿಗುವುದು ಎರಡೂ ಕಡೆ ಕಷ್ಟವೇ. ಮೈಸೂರಿನವರು 'ಬೇರೆಯವರಿಗೆ ಮಾತು ಕೊಟ್ಟಿದ್ದೇವೆ' ಎಂದು ನಯವಾಗಿ ಜಾರಿಕೊಳ್ಳುತ್ತಾರೆ. ಇಲ್ಲಿಯವರು 'ಗಂಡ ಎಲ್ಲಿ ಅದಾನ್ರಿ?' ಎಂದು ನೇರವಾಗಿ ಕೇಳಿದರು. ಕೊನೆಗೆ ಕೋಣೆಯೊಂದನ್ನು ಕೊಟ್ಟ ಗಂಗವ್ವ, ನಾನು ಎರಡು ಹೊತ್ತೂ ಅನ್ನ ಉಣ್ಣುವುದನ್ನು ಕಂಡು ಮರುಗಿ, ಜೋಳದ ರೊಟ್ಟಿ ಬಡಿಯಲು ಕಲಿಸಿದರು. ನನ್ನ ರೊಟ್ಟಿ ಮೊದಲ ಬಾರಿ ಉಬ್ಬಿದ ದಿನ ಓಣಿಯವರನ್ನೆಲ್ಲ ಕರೆದು ತೋರಿಸಿದರು.

ಅದೇ ಓಣಿಯ ನೀಲವ್ವ ಒಂದು ಮಧ್ಯಾಹ್ನ ಒಡೆದ ತುಟಿಯೊಂದಿಗೆ ಕೇಂದ್ರಕ್ಕೆ ಬಂದಳು. ಗಂಡ ಹೊಡೆದು, ಹೊರಗೆ ದಬ್ಬಿ, ಬಾಗಿಲು ಹಾಕಿಕೊಂಡಿದ್ದ. ಬಾಗಲಕೋಟೆಯ ಆಶ್ರಯಧಾಮಕ್ಕೆ ಕರೆದೊಯ್ಯುತ್ತೇನೆ ಎಂದೆ.

"ನಾ ಯಾಕ ಹೋಗ್ಲಿ ಅಕ್ಕಾರ? ಆ ಮನ್ಯಾಗ ನಾನೂ ಮಗ್ಗದ ಮುಂದ ಕುಂತು ದುಡದೀನಿ. ಅಲ್ಲೇ ಇರ್ತೇನಿ, ಹೊಡಸ್ಕೊಳ್ಳದ ಇರ್ತೇನಿ. ಹಂಗ ಆಗ್ತೈತೇನು, ಹೇಳ್ರಿ."

ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ ಆಗತಾನೇ ಜಾರಿಗೆ ಬಂದಿತ್ತು. ಅದರಲ್ಲಿ ದಾರಿಯಿತ್ತು, ಆದರೆ ನಾನದನ್ನು ಓದಿದ್ದೆನೇ ಹೊರತು ಬಳಸಿ ನೋಡಿರಲಿಲ್ಲ. ಏನಾಗುತ್ತದೋ ನೋಡೇಬಿಡೋಣ ಎಂದು ಇಬ್ಬರೂ ಹುನಗುಂದದ ಕೋರ್ಟಿಗೆ ಹೋದೆವು. ತೀರ್ಮಾನವಾಗುವವರೆಗೆ ನೀಲವ್ವ ಮಗುವಿನೊಂದಿಗೆ ನನ್ನ ಕೋಣೆಯಲ್ಲೇ ಇದ್ದಳು. ಸಾಕ್ಷಿ ಹೇಳಲು ಓಣಿಯಲ್ಲಿ ಯಾರೂ ಒಪ್ಪಲಿಲ್ಲ. ವಿಚಾರಣೆಯ ದಿನ ಬಸ್ಸಿಳಿದು ಬಂದವಳು ನೀಲವ್ವನ ಅತ್ತೆ. ಮಗನ ಪರವಾಗಿ ಬಂದಿದ್ದಾಳೆಂದೇ ತಿಳಿದೆ.

"ಹೊಡದದ್ದು ಖರೆ ಐತ್ರಿ ಸಾಹೇಬ್ರ," ಎಂದಳು ಆಕೆ. "ಇವನ ಅಪ್ಪ ನನಗ ಹೊಡೀತಿದ್ದ, ಇಂವ ನೋಡಕೋತ ಬೆಳದ. ನನ್ನ ಮೊಮ್ಮಗ ಅದನ್ನ ನೋಡಕೋತ ಬೆಳೀಬಾರದ್ರಿ."

ಮಗ ತಲೆ ಎತ್ತಲಿಲ್ಲ. ಹೊಡೆಯಕೂಡದು, ಮನೆಯಿಂದ ಹೊರಹಾಕಕೂಡದು ಎಂದು ಆದೇಶವಾಯಿತು. ಅತ್ತೆ ಸೊಸೆ ಒಟ್ಟಿಗೇ ಮನೆಯೊಳಗೆ ಹೋದರು. ಅವನ ಕೈ ಮತ್ತೆ ಏಳಲಿಲ್ಲ. ತಾಯಿಯೊಡನೆ ಮಾತ್ರ ತಿಂಗಳುಗಟ್ಟಲೆ ಮಾತಾಡಲಿಲ್ಲ.

ಆ ವರ್ಷ ರಜೆಗೆ ಮೈಸೂರಿಗೆ ಹೋದಾಗ ಪಕ್ಕದ ಮನೆಯಿಂದ ಏಟಿನ ಸದ್ದು ಕೇಳಿಸಿತು, ಹಿಂದೆಯೇ ಅಳು. ಅಮ್ಮ ಟಿ.ವಿ. ಜೋರು ಮಾಡಿ, "ಅವರ ಮನೆ ವಿಷಯ ನಮಗ್ಯಾಕೆ" ಎಂದರು. ಹುಟ್ಟಿದಾಗಿನಿಂದ ಕೇಳಿದ್ದ ಮಾತು, ಅಂದು ಪರದೇಶದ್ದೆನಿಸಿತು. ಹೋಗಿ ಬಾಗಿಲು ಬಡಿದೆ. ಚಿಕ್ಕಂದಿನಿಂದ ಅಂಕಲ್ ಎಂದು ಕರೆದವರೇ ತೆರೆದರು.

"ಕೇಳೋಕೆ ನೀನ್ಯಾರಮ್ಮ? ಈ ಬೀದಿ ಬಿಟ್ಟು ಹೋದವಳು ನೀನು."

ಅವರು ಹೇಳಿದ್ದು ನಿಜ. ಇಳಕಲ್ಲಿನಲ್ಲೂ ನಾನು 'ಮೈಸೂರು ಅಕ್ಕಾರು'. ಆದರೂ ಏಟು ತಿಂದ ಆಂಟಿ ಹೊರಗೆ ಬರುವವರೆಗೆ ಆ ಬಾಗಿಲಲ್ಲೇ ನಿಂತಿದ್ದೆ.