ಕಿವಿಯಣ್ಣನ ಹೊಸ ತಂತಿ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕಿವಿಯಣ್ಣ ನಡುಮನೆಯ ನೆಲದ ಮೇಲೆ ಬೋರಲು ಮಲಗಿ, ಸ್ಪೀಕರ್ ಪೆಟ್ಟಿಗೆಯ ಹಿಂಬದಿಯ ತಿರುಪನ್ನು ಎರಡು ಬೆರಳಲ್ಲಿ ಬಿಗಿ ಮಾಡುತ್ತಿದ್ದರು. ಪಕ್ಕದಲ್ಲಿ ಹೊಸ ತಂತಿ ಸುರುಳಿ ಬಿಚ್ಚಿಕೊಂಡು ಬಿದ್ದಿತ್ತು. ಹೆಬ್ಬೆರಳಿನ ದಪ್ಪ, ನೀಲಿ ನೇಯ್ಗೆಯ ಹೊದಿಕೆ, ಒಂದು ತುದಿಯಲ್ಲಿ ಎರಡು ಕವಲು, ಇನ್ನೊಂದರಲ್ಲಿ ನಾಲ್ಕು. ಕೇಳಿ ನೋಡಿ, ಹಿಡಿಸದಿದ್ದರೆ ಸೋಮವಾರ ವಾಪಸ್ ತನ್ನಿ ಎಂದು ಅಂಗಡಿಯವನು ಕೊಟ್ಟಿದ್ದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. "ಹಸು ಕಟ್ಟೋ ಹಗ್ಗದ ಹಾಗಿದೆಯಲ್ರೀ. ಹಾಡೇನು ತಪ್ಪಿಸ್ಕೊಂಡು ಓಡಿಹೋಗುತ್ತಾ?"

"ಓಡಿಹೋಗಿದೆ ಮಾರಾಯ್ತಿ. ಹಿಡ್ಕೊಂಡು ಬರೋಕೇ ಇದನ್ನ ತಂದಿದ್ದು."

ಅದು ತಮಾಷೆಯ ಮಾತಾಗಿರಲಿಲ್ಲ.

ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಅವರು ಮೂವತ್ತೊಂದು ವರ್ಷದಿಂದ ಮೆಕ್ಯಾನಿಕ್. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಯಂತ್ರದ ಬೇರಿಂಗಿನ ಮೇಲಿಟ್ಟು, ಮರದ ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಒಳಗಿನ ಗುಂಡುಗಳಲ್ಲಿ ಒಂದು ಸವೆದಿದ್ದರೂ ಸೊಳ್ಳೆಯ ಹಾಡಿನಂಥ ಸಣ್ಣ ಸ್ವರ ಆ ಉಕ್ಕಿನ ಸರಳಿನಲ್ಲಿ ಏರಿ ಬರುತ್ತಿತ್ತು. ಇನ್ನೆರಡು ವಾರ ತಡೆಯುತ್ತೆ ಎಂದರೆ ಎರಡು ವಾರ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಎಲ್ಲರಿಗೂ ಅವರು ಕಿವಿಯಣ್ಣ.

ಹೋದ ತಿಂಗಳು ಮೂರನೇ ಪಂಪು ಚೆನ್ನಾಗಿದೆ ಎಂದರು. ಹತ್ತನೇ ದಿನ ಅದರ ಬೇರಿಂಗ್ ಸುಟ್ಟು, ಅರ್ಧ ಊರಿನ ನಲ್ಲಿಗಳು ಒಂದು ದಿನ ಒಣಗಿದವು. ಬೇರಿಂಗೇ ಕಳಪೆ ಎಂದು ಎಲ್ಲರೂ ಮಾತು ಮುಗಿಸಿದರು, ಯಾರೂ ಅವರತ್ತ ಬೆರಳು ತೋರಿಸಲಿಲ್ಲ. ಆದರೆ ನಿನ್ನೆ ಶುಕ್ರವಾರ ಎರಡನೇ ಪಂಪನ್ನು ಹತ್ತು ನಿಮಿಷ ಓಡಿಸಿ ಕಿವಿಯಿಟ್ಟಾಗ ಅವರಿಗೆ ಏನೂ ಕೇಳಿಸಲಿಲ್ಲ. ನುಣುಪಾದ ಮೌನ. ಸೋಮವಾರ ಬೆಳಿಗ್ಗೆಯಿಂದ ಬೇಸಿಗೆಯುದ್ದಕ್ಕೂ ಆ ಪಂಪು ಓಡಬೇಕು, ಅದಕ್ಕೆ ಮೊದಲು ಇಂಜಿನಿಯರಿಗೆ ಇವರ ಒಂದು ಮಾತು ಬೇಕು. ಕೇಳಿಸದಿದ್ದದ್ದು ಬೇರಿಂಗ್ ಚೆನ್ನಾಗಿರುವುದಕ್ಕೋ, ಕಿವಿ ಕೆಟ್ಟಿರುವುದಕ್ಕೋ?

ಮನೆಯಲ್ಲೂ ಒಂದು ಕಳವಾಗಿತ್ತು. ಅವರ ಮೆಚ್ಚಿನ ರೆಕಾರ್ಡಿನಲ್ಲಿ ಎರಡನೇ ಚರಣ ಮುಗಿದ ಮೇಲೆ ಹಾಡುವವಳು ಬಿಡುವು ಕೊಟ್ಟಾಗ ಟ್ರಯಾಂಗಲ್ ಬಾರಿಸುತ್ತಾರೆ. ಮೂರು ಮೂಲೆಗೆ ಬಾಗಿಸಿದ ಉಕ್ಕಿನ ಸರಳು, ಅದಕ್ಕೆ ಹನ್ನೊಂದು ಏಟು. ಕೆಲವು ತಿಂಗಳಿಂದ ಆ ಏಟುಗಳು ಕೇಳಿಸುತ್ತಿರಲಿಲ್ಲ. ಇಪ್ಪತ್ತು ವರ್ಷದ ಹಳೆಯ ತಂತಿ, ತುದಿಯಲ್ಲಿ ತಾಮ್ರ ಕಪ್ಪಾಗಿದೆ, ತಪ್ಪು ಅದರದೇ ಇರಬೇಕು. ಹೊಸ ತಂತಿಯಲ್ಲಿ ಏಟುಗಳು ಮರಳಿದರೆ ಕಿವಿ ಸರಿಯಿದೆ ಎಂದಾಯಿತು, ಎರಡನೇ ಪಂಪೂ ಸರಿಯಿದೆ ಎಂದಾಯಿತು. ಈ ಲೆಕ್ಕಾಚಾರವನ್ನು ಅವರು ಹೇಳಿಕೊಂಡದ್ದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಗಳೊಬ್ಬಳಿಗೇ.

ಮುಳ್ಳು ರೆಕಾರ್ಡಿನ ಮೇಲೆ ಇಳಿಯಿತು. ಕಿಟಕಿಯ ಬಿಸಿಲು ನೆಲದ ಮೇಲೆ ಚಾಪೆಯಂತೆ ಹಾಸಿತ್ತು, ಅದರ ಮೇಲೆ ಧೂಳಿನ ಕಣಗಳು ಯಾವ ಅವಸರವೂ ಇಲ್ಲದೆ ಏರಿಳಿಯುತ್ತಿದ್ದವು. ಕಿವಿಯಣ್ಣ ಕಣ್ಣು ಮುಚ್ಚಿದರು. ಎರಡನೇ ಚರಣ ಮುಗಿಯಿತು. ಆಮೇಲೆ, ದೂರದ ಕೆರೆಯ ಮೇಲೆ ಬೆಳಕು ಮಿಂಚಿದ ಹಾಗೆ ಒಂದು. ಮತ್ತೊಂದು. ಗೋಡೆ ಎಲ್ಲಿತ್ತೋ ಅಲ್ಲಿರಲಿಲ್ಲ; ಕೋಣೆ ಉಸಿರೆಳೆದು ಅಗಲವಾಗಿತ್ತು, ಆ ಅಗಲದ ಅಂಚಿನಲ್ಲಿ ಉಕ್ಕು ಮಿನುಗಿ ಆರುತ್ತಿತ್ತು. ಹನ್ನೊಂದೂ ಬಂದವು. ಅವರ ಕಣ್ಣಂಚು ಒದ್ದೆಯಾಯಿತು.

ಪಕ್ಕದಲ್ಲಿ ಕೂತಿದ್ದ ಮಗಳು ಮುಳ್ಳನ್ನು ಎತ್ತಿಟ್ಟಳು. ಆಮೇಲೆ ಮೆಲ್ಲಗೆ, "ಅಪ್ಪ, ಹೊಸದು ಹಾಕಿದೀವಿ ಅಂತ ಗೊತ್ತಿದ್ರೆ ಕಿವಿಗೂ ಹೊಸದಾಗೇ ಕೇಳುತ್ತೆ. ಒಂದು ಸಲ ಗೊತ್ತಿಲ್ಲದ ಹಾಗೆ ನೋಡೋಣ್ವಾ?" ಎಂದಳು.

ಬಿಚ್ಚಿ ನೋಡದೆ ಯಾವುದನ್ನೂ ನಂಬದ ಮನುಷ್ಯ, ಒಪ್ಪಿದರು. ಸ್ಪೀಕರುಗಳ ಮುಂದೆ ತೆಳುವಾದ ಹೊದಿಕೆ ಇಳಿಬಿಟ್ಟದ್ದಾಯಿತು. ಹೊಸದೋ ಹಳೆಯದೋ ಎಂಬುದನ್ನು ಮಗಳು ಒಳಗೆ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾಳೆ; ಅಪ್ಪ ಕಣ್ಣು ಮುಚ್ಚಿಕೊಂಡು ಪ್ರತಿ ಏಟಿಗೆ ಒಂದು ಬೆರಳೆತ್ತಬೇಕು. ಹೆಂಡತಿ ಪ್ಲೇಯರಿನ ಬಳಿ ಕೂತು, ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆ ಬೇರೆ ಕೇಡು ಎನ್ನುತ್ತಲೇ ಮುಳ್ಳು ಇಳಿಸುವ ಕೆಲಸ ವಹಿಸಿಕೊಂಡರು.

ನಾಣ್ಯ ಹಳೆಯದು ಎಂದಿತು. ಮಗಳು ತಂತಿ ಬದಲಿಸಿ ಹೊದಿಕೆಯ ಹಿಂದೆಯೇ ಮೊಣಕಾಲೂರಿ ಕುಳಿತಳು. ಹಾಡು ಶುರುವಾಯಿತು. ಯಾಕೋ ದನಿ ಕಂಬಳಿ ಹೊದ್ದಂತಿದೆ ಎನಿಸಿ ಅವಳು ಕೆಳಗೆ ನೋಡಿದರೆ, ನಾಲ್ಕು ಹಿತ್ತಾಳೆಯ ಪಟ್ಟಿಗಳು ನೆಲದ ಮೇಲೆಯೇ ಬಿದ್ದಿದ್ದವು. ಪ್ರತಿ ಪೆಟ್ಟಿಗೆಯ ಹಿಂದೆ ನಾಲ್ಕು ತಿರುಪು. ಕೆಳಗಿನೆರಡು ದಪ್ಪ ಸ್ವರದ ದೊಡ್ಡ ಸ್ಪೀಕರಿಗೆ, ಮೇಲಿನೆರಡು ಸಣ್ಣ ಸ್ವರದ ಟ್ವೀಟರಿಗೆ. ಹೊಸ ತಂತಿಯ ನಾಲ್ಕು ಕವಲು ನಾಲ್ಕಕ್ಕೂ ಕೂರುತ್ತವೆ. ಹಳೆಯದಕ್ಕೆ ಎರಡೇ ಕವಲು. ಅದನ್ನು ಕೆಳಗೆ ಹಾಕಿ ಮೇಲಕ್ಕೆ ಪಟ್ಟಿಗಳಿಂದ ಸೇತುವೆ ಕಟ್ಟಬೇಕು. ಅವಳು ಮರೆತಿದ್ದಳು. ಅಂದರೆ ಎರಡು ಟ್ವೀಟರೂ ಮೂಕ.

ಎರಡನೇ ಚರಣ ಮುಗಿಯುತ್ತಿತ್ತು. ಅವಳು ಟ್ವೀಟರಿಗೆ ಕಿವಿ ತಾಗಿಸಿದಳು. ಉಸಿರೂ ಇಲ್ಲ. ಕೋಣೆಯಲ್ಲಿ ಒಂದು ಏಟೂ ಇಲ್ಲ. ಹೊದಿಕೆಯ ಅಂಚಿನಿಂದ ಅಪ್ಪ ಕಾಣುತ್ತಿದ್ದರು. ಬಿಸಿಲು ಈಗ ಅವರ ಪಾದದವರೆಗೆ ಬಂದಿತ್ತು. ಮುಚ್ಚಿದ ಕಣ್ಣು, ಅರೆನಗೆ. ಮಂಡಿಯ ಮೇಲಿನ ಬೆರಳು ನಿದ್ದೆಯಲ್ಲಿ ಏಳುವಂತೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಎಲ್ಲೂ ತಾಳ ತಪ್ಪಲಿಲ್ಲ.

ಹಾಡು ನಿಂತಿತು. "ಎಷ್ಟಾಯ್ತು?" ಎಂದು ಅವರು ಕೇಳಿದರು.

"ಹನ್ನೊಂದು ಸಲ ಬೆರಳೆತ್ತಿದ್ರಿ ಅಪ್ಪ."

"ಹೊಸದು ತಾನೆ?"

ಹೌದೆಂದರೆ ಮುಗಿಯುತ್ತಿತ್ತು, ಅಪ್ಪ ಅಂದು ಸುಖವಾಗಿ ಮಲಗುತ್ತಿದ್ದರು. ಮಗಳು ಹೊರಗೆ ಬಂದು ನಾಲ್ಕು ಪಟ್ಟಿಗಳನ್ನು ಅವರ ಅಂಗೈಯಲ್ಲಿಟ್ಟಳು. ಮೆಕ್ಯಾನಿಕ್ಕಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಅವರು ಪಟ್ಟಿಗಳನ್ನು ಹೆಬ್ಬೆರಳಿನಲ್ಲಿ ಸವರಿದರು.

"ಹಾಗಾದ್ರೆ ಅದು ಎಲ್ಲಿಂದ ಬಂತು?"

"ನಿಮ್ಮ ಒಳಗಿಂದ್ಲೇ ಅಪ್ಪ."

"ತುಂಬ ಚೆನ್ನಾಗಿತ್ತು ಕಣೇ," ಎಂದರು.

ಪಟ್ಟಿಗಳನ್ನು ಕೂರಿಸಿ, ಅದೇ ಹಳೆಯ ತಂತಿಯಲ್ಲಿ ಮತ್ತೊಮ್ಮೆ ಹಾಕಿಸಿದರು. ಈ ಸಲ ಬೆರಳೆತ್ತಬೇಕಾದವಳು ಮಗಳು. ಅವರು ಕಣ್ಣು ಬಿಟ್ಟುಕೊಂಡು ಅವಳ ಬೆರಳನ್ನೇ ನೋಡಿದರು. ಹನ್ನೊಂದು ಸಲ ಎದ್ದಿತು. ಹಳೆಯ ತಂತಿಯ ಮೇಲೆ ಹೊರಿಸುವಂಥ ತಪ್ಪೇನೂ ಇರಲಿಲ್ಲ. ಅವರಿಗೂ ಹನ್ನೊಂದೂ ಕೇಳಿಸಿದವು, ಆದರೆ ಯಾವುದು ಪೆಟ್ಟಿಗೆಯದು, ಯಾವುದು ತಮ್ಮದು ಎಂದು ಬೇರ್ಪಡಿಸಲು ಆಗಲೇ ಇಲ್ಲ. ಸಿಹಿಯಾದ ಮಂಜಿನಲ್ಲಿ ನಿಂತಂತಿತ್ತು. ಹಾಡಿಗಾದರೆ ಅಷ್ಟು ಸಾಕು. ಪಂಪಿಗೆ ಸಾಲದು. ಅಲ್ಲಿ ಅವರ ಒಳಗಿನ ಮೌನವೇ ಬೇರಿಂಗಿನ ಮೌನವಾಗಿ ಕೇಳಿಸಿರಬಹುದು.

ಐದು ಗಂಟೆಗೆ ಇಂಜಿನಿಯರಿಗೆ ಫೋನು ಮಾಡಿ, ಎರಡನೇ ಪಂಪನ್ನು ಓಡಿಸಬೇಡಿ, ಬಿಚ್ಚಿಸಿ ಎಂದರು. ಅಂಥದ್ದೇನು ಕೇಳಿಸಿತು ಎಂದು ಅವನು ಕೇಳಿದ. ಏನೂ ಕೇಳಿಸಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ ಎಂದರು. ಬಿಚ್ಚಲು ಎರಡು ದಿನ ಬೇಕು, ಮೇಲಿನವರಿಗೆ ಕಾರಣ ಬರೆಯಬೇಕು ಎಂದು ಅವನು ಗೊಣಗಿದ.

ಆದರೂ ಬಿಚ್ಚಿಸಿದ. ಬೇರಿಂಗಿನ ಒಳಬಳೆಯಲ್ಲಿ ಸಾಸಿವೆ ಕಾಳಿನಷ್ಟು ಎರಡು ಗುಳಿಗಳಿದ್ದವು. ಕಿವಿಯಣ್ಣ ನೀಲಿ ತಂತಿಯನ್ನು ಸುತ್ತಿ ಅಂಗಡಿಗೆ ಹಿಂದಿರುಗಿಸಿದರು. ಪಂಪ್‌ಹೌಸಿಗೆ ಅದುರುವಿಕೆ ಅಳೆಯುವ ಮೀಟರು ಬಂತು, ಅದನ್ನು ಹಿಡಿಯುವುದನ್ನು ಮೊದಲು ಕಲಿತವರೂ ಅವರೇ. ಹೊಸದಾಗಿ ಸೇರಿದವರು ಮೀಟರಿನ ಅಂಕಿಯನ್ನು ಅಂದಾಜಿನಲ್ಲಿ ಬರೆದಾಗಲೆಲ್ಲ ಇಂಜಿನಿಯರ್ ಆ ಫೋನಿನ ಕಥೆ ಹೇಳುತ್ತಾನೆ. ಈ ಕಟ್ಟಡದಲ್ಲಿ ತನಗೆ ಸಿಕ್ಕ ಅತ್ಯಂತ ಕರಾರುವಾಕ್ಕಾದ ಅಂಕಿ ಯಾವ ಮೀಟರಿನದೂ ಅಲ್ಲ ಎನ್ನುತ್ತಾನೆ. ನಿಮ್ಮ ಕಿವಿಯ ಮೇಲೆ ನಿಮಗೇ ನೂರಕ್ಕೆ ಎಷ್ಟು ನಂಬಿಕೆ ಎಂದು ಅವನು ಅಂದು ಕೇಳಿದ್ದ. ಆ ಕಡೆ ಕಿವಿಯಣ್ಣ ದನಿ ಏರಿಸದೆ ಇಳಿಸದೆ ಹೇಳಿದ್ದರು:

"ಐವತ್ತು."